ಪ್ರತಿಭಟನೆ ದಿನ ಗಾರ್ಡ್ ಕಮ್ಮಿ ಮಾಡಿದೆ, ಗಾಜು ಒಂದೂ ಒಡೀಲಿಲ್ಲ

ಆಫೀಸ್ ಮುಂದೆ ಪ್ರತಿಭಟನೆ ಅಂದ ತಕ್ಷಣ ಎಲ್ರೂ ಏಜೆನ್ಸಿಗೆ ಫೋನ್ ಮಾಡಿ ಎಕ್ಸ್‌ಟ್ರಾ ಗಾರ್ಡ್ ಕೇಳ್ತಾರೆ. ಮುಂಬಾಗಿಲಿಗೆ ಇಬ್ರೇ ಸಾಕು ಅಂತ ನಾನು ಅಂದಾಗ ಮೀಟಿಂಗಲ್ಲಿ ಒಬ್ರೂ ಒಪ್ಲಿಲ್ಲ.

ಹಿಂದಿನ ಸಲ ಮ್ಯಾನೇಜ್‌ಮೆಂಟ್‌ನವ್ರು ಮೂವತ್ತು ಚಿಲ್ಲರೆ ಗಾರ್ಡ್‌ಗಳನ್ನ ಹೆಲ್ಮೆಟ್ ಲಾಠಿ ಸಮೇತ ಸಾಲಾಗಿ ನಿಲ್ಸಿದ್ರು, ತಿಂಗಳ ಸೆಕ್ಯುರಿಟಿ ಬಜೆಟ್ ಎರಡ್ಮೂರು ದಿನಕ್ಕೇ ಖಾಲಿ, ದೂರದಲ್ಲಿ ಘೋಷಣೆ ಕೂಗ್ತಿದ್ದೋರು ಇವ್ರನ್ನ ನೋಡಿ ಬ್ಯಾರಿಕೇಡ್ ಹತ್ರಾನೇ ಬಂದ್ರು, ವಿಡಿಯೋ ಮಾಡ್ತಿದ್ದ ಹುಡುಗನ ಫೋನ್ ಕಿತ್ಕೊಳ್ಳೋಕೆ ಒಬ್ಬ ಗಾರ್ಡ್ ಹೋದ, ಅಲ್ಲಿಂದ ತಳ್ಳಾಟ ಶುರು. ಅಷ್ಟ್ರಲ್ಲಿ ಯಾರೋ ಫೈರ್ ಅಲಾರಂ ಒತ್ತಿದ್ರು. ಒಳಗಿದ್ದ ನಾನೂರು ಜನ ಡ್ರಿಲ್‌ನಲ್ಲಿ ಕಲ್ತ ಹಾಗೇ ಅಸೆಂಬ್ಲಿ ಪಾಯಿಂಟ್‌ಗೆ, ಅಂದ್ರೆ ಬೆಂಕಿ ಬಿದ್ರೆ ಹೊರಗೆ ಬಂದು ಸೇರೋ ಜಾಗಕ್ಕೆ, ಹೊರಟ್ರು, ಆ ಪಾಯಿಂಟ್ ಇದ್ದಿದ್ದೇ ಗುಂಪಿನ ನಡುವೆ!

ಈ ಸಲ ಆ ದುಡ್ಡಿನ ಹೆಚ್ಚುಕಮ್ಮಿ ಅರ್ಧದಲ್ಲಿ ಮುಗಿಸ್ದೆ. ಹಿಂಬದಿಗೆ ಇನ್ನೊಂದು ಅಸೆಂಬ್ಲಿ ಪಾಯಿಂಟ್, ಬೆಂಕಿಗೆ ಒಂದು ಅನೌನ್ಸ್‌ಮೆಂಟ್, ಒಳಗೇ ಇರಿ ಅನ್ನೋದಕ್ಕೆ ಬೇರೆ. ಎಕ್ಸಿಟ್ ಬಾಗಿಲಿಗೆ ಚೈನ್ ಹಾಕಿ ಅಂತ ಒತ್ತಡ ಬಂತು, ಕೆಲ್ಸ ಹೋದ್ರೂ ಹಾಕಲ್ಲ ಅಂದೆ, ಹೊರಗಿನ ಹಿಡಿ ಬಿಚ್ಚಿಸಿ ತಳ್ಳಿದ್ರೆ ಬಾಗಿಲು ತೆರೆಯೋ ಒಳಗಿನ ಪುಷ್ ಬಾರ್ ಹಾಗೇ ಬಿಟ್ಟೆ. ಹೂಕುಂಡ, ಕಸದ ಡಬ್ಬ, ರಿಪೇರಿಗೆ ತಂದಿಟ್ಟ ಟೈಲ್ಸ್ ಎಲ್ಲಾ ಹಿಂದಿನ ದಿನವೇ ಒಳಗೆ. ಎಸಿ ಹೊರಗಿನ ಗಾಳಿ ಎಳೆಯೋ ದಾರಿಯ ಮುಚ್ಚಳ, ಅಂದ್ರೆ ಡ್ಯಾಂಪರ್, ಹೆಂಗೆ ಬಂದ್ ಮಾಡೋದು ಅಂತ ಪ್ರತಿ ಶಿಫ್ಟಲ್ಲೂ ಒಬ್ರಿಗೆ ಕಲಿಸ್ದೆ, ಅಶ್ರುವಾಯು ಬಿಟ್ರೆ ಅದು ಆ ದಾರೀಲಿ ಎಲ್ಲಾ ಫ್ಲೋರಿಗೂ ಹೋಗತ್ತೆ.

ಗಾಜಿಗೆ ಸೇಫ್ಟಿ ಫಿಲ್ಮ್, ಅಂದ್ರೆ ಒಡೆದ್ರೂ ಚೂರು ಹಿಡ್ಕೊಳ್ಳೋ ಪ್ಲಾಸ್ಟಿಕ್ ಪದರ, ಹಾಕೋ ಮುಂಚೆ ಗೋಡೌನ್‌ನಲ್ಲಿದ್ದ ಹಳೇ ಗಾಜಿನ ಮೇಲೆ ಟ್ರೈ ಮಾಡಿ ನೋಡಿದ್ವಿ, 100 ಮೈಕ್ರಾನ್ ದಪ್ಪದ್ದು ಒಂದು, 200ರದ್ದು ಒಂದು. ಇಟ್ಟಿಗೆ ಎಸೆದ್ರೆ ಎರಡ್ರಲ್ಲೂ ಚೂರು ಹಾರ್ಲಿಲ್ಲ, ಆದ್ರೆ ಅಂಚನ್ನ ಫ್ರೇಮಿಗೆ ಸಿಲಿಕೋನ್‌ನಿಂದ ಕಟ್ಟದೇ ಇದ್ದದ್ದು ಇಡೀ ಗಾಜು ಫಿಲ್ಮ್ ಸಮೇತ ಹಂಗೇ ಒಳಗೆ ಬಿತ್ತು. ಹಂಗಾಗಿ ಅಂಚು ಕಟ್ಟಿಸಿಯೇ ಹಾಕಿಸ್ದೆ, ದಪ್ಪನೆಯ 200ರದ್ದು, ಅದೂ ಕೆಳಗಿನ ಫ್ಲೋರಿಗೆ ಮಾತ್ರ. ಖರ್ಚಲ್ಲಿ ಜಾಸ್ತಿ ಪಾಲು ಇದಕ್ಕೇ ಹೋಯ್ತು.

ನಿಜವಾಗ್ಲೂ ಕೆಲ್ಸ ಮಾಡಿದ್ದು ಮಾತುಕತೆ. ಎರಡು ದಿನ ಮುಂಚೆ ಸಂಘಟಕರಿಗೆ ನಾನೇ ಫೋನ್ ಮಾಡ್ದೆ, ಎಲ್ಲಿ ನಿಲ್ತೀರಿ, ಎಷ್ಟೊತ್ತಿಗೆ ಮುಗಿಸ್ತೀರಿ, ಮನವಿ ಯಾರ ಕೈಗೆ ಕೊಡ್ಬೇಕು ಅಂತೀರಿ, ಅಷ್ಟೇ ಕೇಳಿದ್ದು. ಅದನ್ನೇ ಪೊಲೀಸ್‌ನವ್ರಿಗೂ ತಿಳಿಸ್ದೆ. ಆ ದಿನ ಸಾವಿರದ ಹತ್ರ ಜನ ಸೇರಿದ್ರು, ನಮ್ಮ ಡೈರೆಕ್ಟರ್ ಹೊರಗೆ ಬಂದು ಮನವಿ ತಗೊಂಡ್ರು, ಅರ್ಧ ಗಂಟೇಲಿ ರಸ್ತೆ ಖಾಲಿ. ಸಂಜೇನೇ ಸಿಸಿಟಿವಿ ಫುಟೇಜ್ ಬೇರೆ ಡಿಸ್ಕಿಗೆ ಕಾಪಿ ಮಾಡ್ಸಿದೆ, ರೆಕಾರ್ಡರ್ ಅದನ್ನ ಅಳಿಸಿ ಮೇಲೆ ಬರ್ಕೊಳ್ಳೋ ಮುಂಚೆ.