ಅಮೆರಿಕದ ಕಾಲೇಜಿಗೆ ಪ್ರಬಂಧ ಬರೆಯುವುದು ಹೇಗೆ? ಮೊದಲು ಪೀಠಿಕೆ ಬಿಡಿ

ಪಿಯುಸಿ ಆದಮೇಲೆ ಅಮೆರಿಕದಲ್ಲಿ ಡಿಗ್ರಿ ಮಾಡಬೇಕು ಅಂತಿರುವ ಮಕ್ಕಳು ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆ, ಬ್ಯಾಂಕಿನ ಕಾಗದಪತ್ರ ಎಲ್ಲವನ್ನೂ ಹೇಗೋ ಹೊಂದಿಸಿಕೊಳ್ಳುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಪ್ರಬಂಧದಲ್ಲಿ. ಇಂಗ್ಲಿಷ್ ಸಾಲದು ಅಂತ ಅಲ್ಲ. ಹೈಸ್ಕೂಲಿನಿಂದ ನಮಗೆ ಪ್ರಬಂಧ ಅಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪರೀಕ್ಷೆಗೆ ಅದು ಸರಿ. ಆದರೆ ಅರ್ಜಿ ಓದುವವರು ನಿಮ್ಮನ್ನು ನೋಡಿಲ್ಲ, ನಿಮ್ಮ ಊರು ನೋಡಿಲ್ಲ. ನೀವು ಏನನ್ನು ಗಮನಿಸುತ್ತೀರಿ, ಅದರ ಬಗ್ಗೆ ಹೇಗೆ ಯೋಚಿಸುತ್ತೀರಿ, ಯೋಚಿಸಿ ಏನು ಮಾಡಿದಿರಿ ಅನ್ನುವುದು ಅವರಿಗೆ ಬೇಕು.

ಮೊದಲು ನಿಯಮ ತಿಳಿದುಕೊಳ್ಳಿ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಕಾಮನ್ ಆಪ್ ಅನ್ನೋ ಒಂದೇ ಅರ್ಜಿಯನ್ನು ಒಪ್ಪಿಕೊಳ್ಳುತ್ತವೆ. ಅದರಲ್ಲಿ ಒಂದು ಮುಖ್ಯ ಪ್ರಬಂಧ. ಕನಿಷ್ಠ 250 ಪದ, ಗರಿಷ್ಠ 650. ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ವಿಷಯಗಳು 7 ಇವೆ, ಕೊನೆಯದು ನಿಮಗಿಷ್ಟ ಬಂದದ್ದು. ಹಾಗಾಗಿ ಯಾವ ವಿಷಯ ಆರಿಸಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ, ಬರೆದಾದ ಮೇಲೆ ಯಾವುದಕ್ಕೆ ಹೊಂದುತ್ತದೋ ಅದನ್ನು ಗುರುತು ಮಾಡಿದರಾಯಿತು. ಹೊಸ ಸಾಲಿನ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಬೇಗ ಹಾಕುವವರಿಗೆ ತುಂಬಾ ಕಡೆ ನವೆಂಬರ್ 1 ಕೊನೆ ದಿನ, ಉಳಿದವರಿಗೆ ಜನವರಿ ಶುರುವಿನಲ್ಲಿ. ಅದೇ ಹೊತ್ತಿಗೆ ಸೆಕೆಂಡ್ ಪಿಯು ಪರೀಕ್ಷೆಯ ತಯಾರಿ, ಲ್ಯಾಬ್ ರೆಕಾರ್ಡು, ಸಿಇಟಿ ಕೋಚಿಂಗು ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಫಸ್ಟ್ ಪಿಯು ಮುಗಿದ ಬೇಸಿಗೆ ರಜೆಯಲ್ಲೇ ಶುರು ಮಾಡಿ, ಅದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ.

ಶುರು ಮಾಡಿ ಅಂದರೆ ಬರೆಯಲು ಕೂರಿ ಅಂತಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ಕೆಲವು ದಿನ ಸುಮ್ನೆ ಗೀಚಿ. ಯಾರೂ ಹೇಳದಿದ್ದರೂ ನೀವು ಮಾಡುವ ಕೆಲಸ ಯಾವುದು? ಮನೆಯಲ್ಲಿ ಯಾವುದಕ್ಕೆ ನಿಮ್ಮನ್ನೇ ಕರೆಯುತ್ತಾರೆ? ಯಾವ ವಿಷಯಕ್ಕೆ ಅಪ್ಪನ ಹತ್ತಿರ ವಾದ ಮಾಡಿದಿರಿ? ಅಮ್ಮನನ್ನು, ಅಜ್ಜಿಯನ್ನು ಕೇಳಿ, ನಿಮಗೆ ಮರೆತೇಹೋದದ್ದನ್ನು ಅವರು ಹೇಳುತ್ತಾರೆ. ಒಲಿಂಪಿಯಾಡ್ ಪದಕ, ಎನ್‌ಎಸ್‌ಎಸ್ ಶಿಬಿರ ಇವಕ್ಕೆ ಅರ್ಜಿಯಲ್ಲೇ ಬೇರೆ ಜಾಗ ಇದೆ. ಚಟುವಟಿಕೆಗಳಿಗೆ 10 ಸಾಲು, ಬಹುಮಾನಗಳಿಗೆ 5. ಅದನ್ನೇ ಪ್ರಬಂಧದಲ್ಲಿ ಮತ್ತೆ ಹೇಳಿದರೆ ಸಿಕ್ಕಿದ ಜಾಗ ಹಾಳು.

ಒಂದು ಉದಾಹರಣೆ ಕಟ್ಟಿ ನೋಡೋಣ. ತೀರ್ಥಹಳ್ಳಿ ಕಡೆಯ ಹುಡುಗಿ, ಮನೆಯಲ್ಲಿ ಅಡಿಕೆ ತೋಟ. ಮೊದಲ ಕರಡು ಹೀಗೆ ಶುರುವಾಗುತ್ತದೆ: "ನಾನು ರೈತ ಕುಟುಂಬದಲ್ಲಿ ಹುಟ್ಟಿದವಳು. ಕೃಷಿ ನನಗೆ ಶ್ರಮದ ಬೆಲೆ ಕಲಿಸಿತು." ಇದರಲ್ಲಿ ತಪ್ಪಿಲ್ಲ, ಆದರೆ ಈ ಎರಡು ಸಾಲನ್ನು ರಾಜ್ಯದ ಯಾವ ರೈತರ ಮಗಳೂ ಬರೆಯಬಹುದು. ಕೊಯ್ಲಿನ ಕಾಲದಲ್ಲಿ ನೀನು ಏನು ಮಾಡ್ತೀಯ ಅಂತ ಕೇಳಿ. ರಾತ್ರಿ ಅಡಿಕೆ ಸುಲಿಯುವವರ ಲೆಕ್ಕ ಬರೀತೀನಿ ಅನ್ನುತ್ತಾಳೆ. ಹೇಗೆ? ಡಬ್ಬದ ಲೆಕ್ಕದಲ್ಲಿ. ಒಬ್ಬೊಬ್ಬರು ಎಷ್ಟು ಡಬ್ಬ ಸುಲಿದರೋ ಅಷ್ಟಕ್ಕೆ ಕೂಲಿ. ಜಗಳ ಏನಾದರೂ ಆಗಿತ್ತಾ? ಈಗ ವಿಷಯ ಹೊರಗೆ ಬರುತ್ತದೆ. ಪಕ್ಕದ ಮನೆ ಅಜ್ಜಿ ಡಬ್ಬದ ಮೇಲೆ ಗೋಪುರ ಏಳುವಷ್ಟು ತುಂಬುತ್ತಿದ್ದಳು, ಒಬ್ಬ ಚುರುಕು ಹುಡುಗ ಕಂಠದ ಕೆಳಗೇ ನಿಲ್ಲಿಸುತ್ತಿದ್ದ, ಇಬ್ಬರಿಗೂ ಡಬ್ಬಕ್ಕೆ ಒಂದೇ ದುಡ್ಡು. ಇವಳು ಒಂದು ರಾತ್ರಿ ತಕ್ಕಡಿ ತಂದಿಟ್ಟಳು. ಅಜ್ಜಿಯ ಕೂಲಿ ಏರಿತು, ಹುಡುಗ ಮುನಿಸಿಕೊಂಡು ಮಾರನೇ ದಿನ ಬರಲಿಲ್ಲ, ಸುಲಿಯುವವರು ಸಿಗುವುದೇ ಕಷ್ಟ ಇರುವಾಗ ಇದೆಲ್ಲ ಯಾಕೆ ಬೇಕಿತ್ತು ಅಂತ ಅಪ್ಪ ಬೈದರು.

ಪ್ರಬಂಧ ಶುರುವಾಗಬೇಕಾದದ್ದು ಇಲ್ಲಿಂದ, ಅಜ್ಜಿಯ ಡಬ್ಬದಿಂದ. ಅವಳು "ನಾಯಕತ್ವ", "ನ್ಯಾಯ" ಅನ್ನೋ ಪದ ಒಂದು ಸಲವೂ ಬಳಸುವುದು ಬೇಡ, ಓದುವವರಿಗೆ ಅದು ಕಾಣುತ್ತದೆ.

ಆದರೆ ಕಥೆ ಹೇಳಿ ನಿಲ್ಲಿಸಿಬಿಡಬೇಡಿ. ಸುಮಾರು ಜನ ಇಲ್ಲೇ ಕೈಬಿಡುತ್ತಾರೆ. ಅರ್ಧದಷ್ಟು ಜಾಗ ಯೋಚನೆಗೆ ಬಿಡಿ. ತಕ್ಕಡಿ ಸರಿಯಾದ ತೂಕ ತೋರಿಸಿತು, ಆದರೆ ಅಪ್ಪನ ಭಯವೂ ಸುಳ್ಳಲ್ಲ ಅಲ್ವಾ? ಹಾಗಾದರೆ ಅವಳು ಏನು ಮಾಡಿದಳು? ಆಮೇಲೆ ಮಂಡಿಯಲ್ಲಿ ರಾಶಿ, ಬೆಟ್ಟೆ ಅಂತ ಅಡಿಕೆ ವಿಂಗಡಿಸಿ ಬೆಲೆ ಕಟ್ಟುವಾಗ ಅಳತೆ ಯಾರ ಕೈಯಲ್ಲಿದೆ ಅನ್ನುವುದು ಅವಳಿಗೆ ಬೇರೆ ರೀತಿ ಕಾಣತೊಡಗಿತಾ? ಉತ್ತರ ಪೂರ್ತಿ ಸಿಕ್ಕಿರಬೇಕು ಅಂತೇನಿಲ್ಲ. 17 ವರ್ಷದವರು ಎಲ್ಲ ಗೊತ್ತಾಯಿತು ಅಂತ ಬರೆದರೆ ಯಾರೂ ನಂಬುವುದಿಲ್ಲ.

ಬರೆಯುವ ಮೊದಲು ಅದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಚಿಕ್ಕಪ್ಪನ ಮಗನಿಗೋ ಗೆಳತಿಗೋ ಹೇಳುವ ಹಾಗೆ ಹೇಳಿ. ಆಮೇಲೆ ಅದನ್ನು ಕೇಳಿಸಿಕೊಂಡು, ಪಕ್ಕಕ್ಕಿಟ್ಟು, ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಿರಿ. ಸಾಲು ಸಾಲಾಗಿ ಅನುವಾದ ಮಾಡಬೇಡಿ. ನಿಘಂಟಿನಿಂದ ದೊಡ್ಡ ಪದ ಹುಡುಕಿ ತರಬೇಡಿ. ಅಜ್ಜಿ, ಡಬ್ಬ, ಮಂಡಿ ಹಾಗೇ ಇರಲಿ, ಬೇಕಾದ ಕಡೆ ಅರ್ಧ ಸಾಲಿನಲ್ಲಿ ಅರ್ಥ ಹೇಳಿದರೆ ಸಾಕು.

ಮನೆಯ ಕಾಯಿಲೆ, ಸಾವು, ಸಾಲದ ಬಗ್ಗೆ ಬರೆಯಲೇಬೇಕಾ ಅಂತ ಮಕ್ಕಳು ಕೇಳುತ್ತಾರೆ. ಖಂಡಿತ ಬೇಡ. ನೋವನ್ನು ಮಾರಿ ಸೀಟು ತೆಗೆದುಕೊಳ್ಳಬೇಕಾಗಿಲ್ಲ. ಓದಿಗೆ ತೊಂದರೆಯಾದದ್ದನ್ನು ಹೇಳಲೇಬೇಕಿದ್ದರೆ ಅದಕ್ಕೂ ಅರ್ಜಿಯಲ್ಲಿ 250 ಪದದ ಬೇರೆ ಜಾಗ ಇದೆ.

ಮೊದಲ ಕರಡು 900 ಪದ ಬಂದರೆ ಹೆದರಬೇಡಿ. ಮೊದಲ ಪ್ಯಾರಾ ತೆಗೆದು ನೋಡಿ, ಎಷ್ಟೋ ಸಲ ನಿಜವಾದ ಶುರು ಎರಡನೇ ಪ್ಯಾರಾದಲ್ಲಿರುತ್ತದೆ. ಕೊನೆಯ ಧನ್ಯವಾದ, ಭರವಸೆ ಎಲ್ಲ ಹೊಡೆದುಹಾಕಿ. ಆಮೇಲೆ ಜೋರಾಗಿ ಓದಿ, ನಾಲಿಗೆ ತಡವರಿಸಿದ ಕಡೆ ಸಾಲು ಮುರಿಯಿರಿ.

ತೋರಿಸುವುದು ಇಬ್ಬರಿಗೆ ಸಾಕು. ಒಬ್ಬರು ಇಂಗ್ಲಿಷ್ ಮೇಷ್ಟ್ರು, ಇನ್ನೊಬ್ಬರು ನಿಮ್ಮನ್ನು ಚೆನ್ನಾಗಿ ಬಲ್ಲವರು. ಹತ್ತು ಜನ ತಿದ್ದಿದರೆ ನಿಮ್ಮ ದನಿಯೇ ಉಳಿಯುವುದಿಲ್ಲ. ದುಡ್ಡು ತೆಗೆದುಕೊಂಡು ಬರೆದುಕೊಡ್ತೀವಿ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಎಐ ಬರೆದುಕೊಟ್ಟದ್ದನ್ನು ನನ್ನದು ಅಂತ ಕಳಿಸುವುದನ್ನು ಕಾಮನ್ ಆಪ್ ನಿಯಮಗಳು ವಂಚನೆ ಅಂತಲೇ ಪರಿಗಣಿಸುತ್ತವೆ. ಸೀಟಿನ ಮಾತು ಹಾಗಿರಲಿ, ಆ ಹುಡುಗಿಯ ತಕ್ಕಡಿ ಎಐಗೆ ಗೊತ್ತಿಲ್ಲ.

ಮುಖ್ಯ ಪ್ರಬಂಧದ ಜೊತೆ ಸುಮಾರು ಕಾಲೇಜುಗಳು ತಮ್ಮದೇ ಚಿಕ್ಕ ಪ್ರಶ್ನೆ ಕೇಳುತ್ತವೆ. ನಮ್ಮ ಕಾಲೇಜೇ ಯಾಕೆ ಅನ್ನುವುದು ಮಾಮೂಲಿ ಪ್ರಶ್ನೆ. ಬರೆದ ಮೇಲೆ ಕಾಲೇಜಿನ ಹೆಸರು ಅಳಿಸಿ ಇನ್ನೊಂದರ ಹೆಸರು ಹಾಕಿ ನೋಡಿ. ಆಗಲೂ ಸರಿಹೋದರೆ ಉತ್ತರ ಬಿದ್ದುಹೋಯಿತು. ಆ ವಿಭಾಗದ ಕೋರ್ಸ್ ಪಟ್ಟಿ ತೆಗೆದು ಓದಿ, ನಿಮ್ಮ ತಲೆಯಲ್ಲಿರುವ ಪ್ರಶ್ನೆಗೆ ತಾಗುವ ಒಂದೆರಡನ್ನು ಹಿಡಿದು ಬರೆಯಿರಿ.

ಇಂಗ್ಲೆಂಡಿಗೂ ಹಾಕುವವರು ಇದೇ ಪ್ರಬಂಧ ಕಳಿಸಬೇಡಿ. ಅಲ್ಲಿ ಡಿಗ್ರಿಗೆ ಹಾಕುವ ಯುಕಾಸ್ ಅನ್ನೋ ಅರ್ಜಿಯಲ್ಲಿ 2026ರ ಪ್ರವೇಶದಿಂದ 3 ಪ್ರಶ್ನೆಗಳು. ಈ ಕೋರ್ಸೇ ಯಾಕೆ, ಓದು ನಿಮ್ಮನ್ನು ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಮೂರೂ ಸೇರಿ 4,000 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ. ಒಂದೊಂದಕ್ಕೂ ಕನಿಷ್ಠ 350. ಅವರಿಗೆ ವಿಷಯದ ಮೇಲಿನ ಹಿಡಿತ ಬೇಕು, ಅಡಿಕೆ ಡಬ್ಬಕ್ಕೆ ಅಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಆಕ್ಸ್‌ಫರ್ಡ್, ಕೇಂಬ್ರಿಡ್ಜಿಗೆ ಅಕ್ಟೋಬರ್ 15ರೊಳಗೆ ಹಾಕಬೇಕು.

ಕೊನೆಗೆ ಕಳಿಸುವ ಕೆಲಸ. ಕಾಮನ್ ಆಪ್ ಮುಖ್ಯ ಪ್ರಬಂಧ ಎಲ್ಲ ಕಾಲೇಜಿಗೂ ಹೋಗುವುದರಿಂದ ಅದರಲ್ಲಿ ಯಾವ ಕಾಲೇಜಿನ ಹೆಸರೂ ಇರಬಾರದು. ಪೇಸ್ಟ್ ಮಾಡಿದ ಮೇಲೆ ಪ್ರಿವ್ಯೂ ತೆರೆದು ಪ್ಯಾರಾಗಳು ಒಂದಕ್ಕೊಂದು ಅಂಟಿಕೊಂಡಿಲ್ಲ ತಾನೇ, ಕೊನೆಯ ಸಾಲು ಅರ್ಧಕ್ಕೆ ನಿಂತಿಲ್ಲ ತಾನೇ ಅಂತ ನೋಡಿ. ಒಂದು ಕಾಲೇಜಿಗೆ ಕಳಿಸಿದ ಮೇಲೂ ಮುಂದಿನ ಕಾಲೇಜಿಗೆ ಕಳಿಸುವ ಮೊದಲು ಪ್ರಬಂಧ ತಿದ್ದಬಹುದು. ಹಾಗಾಗಿ ಕೊನೆ ದಿನಕ್ಕೆ ಕಾಯದೆ ಎರಡು ದಿನ ಮೊದಲೇ ಸಬ್‌ಮಿಟ್ ಒತ್ತಿ.