ನೀವೇ ತೆಗೆದ ಫೋಟೊ, ನಿಮ್ಮ ಪಡಸಾಲೆಯ ಗೋಡೆಗೆ: ಕ್ಯಾನ್ವಾಸ್ ಪ್ರಿಂಟ್ ಮಾಡಿಸುವುದು ಹೀಗೆ

ಮಳೆಗಾಲದಲ್ಲಿ ಗೋಕಾಕ ಜಲಪಾತ ನೋಡಿದವರು ಅದರ ಬಣ್ಣ ಮರೆಯುವುದಿಲ್ಲ. ಘಟಪ್ರಭೆ ಕೆಂಪು ಮಣ್ಣು ಕಲಸಿಕೊಂಡು ಸುಮಾರು 170 ಅಡಿ ಕೆಳಗೆ ಬೀಳುತ್ತದೆ. ಅದು ಹಾಲಿನ ಬಣ್ಣವಲ್ಲ, ಕೆನೆ ಕಟ್ಟಿದ ಚಹಾದ ಬಣ್ಣ. ಮೂರು ವರ್ಷದ ಹಿಂದೆ ಆ ಫೋಟೊ ತೆಗೆದು ಕ್ಯಾನ್ವಾಸ್ ಮೇಲೆ ಪ್ರಿಂಟ್ ಮಾಡಿಸಿದೆ. ಮನೆಗೆ ತಂದು ಸುತ್ತಿದ್ದ ಕಾಗದ ಬಿಚ್ಚಿದರೆ ನೀರು ಬೆಳ್ಳಗೆ, ಬಂಡೆ ನೀಲಿ. ಹತ್ತಿರ ಹೋಗಿ ನೋಡಿದೆ. ನೀರಿನ ಎಳೆ ಒಂದೂ ಕಾಣುತ್ತಿಲ್ಲ, ಹಿಟ್ಟು ಮೆತ್ತಿದ ಹಾಗಿದೆ.

ವಾಪಸ್ ಅಂಗಡಿಗೆ ಹೋಗಿ ಕೇಳಿದೆ. "ನೀವು ಕಳಿಸಿದ ಫೈಲಿನ್ಯಾಗ ಇದ್ದದ್ದ ಇಷ್ಟ ನೋಡ್ರಿ ಅಕ್ಕಾರ. ಬಣ್ಣ ಮಷಿನ್ ತಾನ ಸರಿ ಮಾಡ್ಕೊಂಡೈತಿ" ಅಂದರು. ಮೊದಲನೇ ಮಾತು ನಿಜ. ನಾನು ಫೋಟೊ ಕಳಿಸಿದ್ದು ವಾಟ್ಸ್‌ಆ್ಯಪ್‌ನಲ್ಲಿ. ಎರಡನೇ ಮಾತು ಮಾತ್ರ ಇವತ್ತಿಗೂ ಒಪ್ಪಿಲ್ಲ. ಸರಿಯಾಗಿಯೇ ಇದ್ದ ಬಣ್ಣವನ್ನು ಸರಿ ಮಾಡುವುದು ಏನಿತ್ತು?

ಆಮೇಲೆ ಬಾದಾಮಿಯ ಕೆರೆ, ಆಲಮಟ್ಟಿಯ ಹಿನ್ನೀರು, ಗೊಡಚಿನಮಲ್ಕಿ ಜಲಪಾತ ಅಂತ ಐದಾರು ಪ್ರಿಂಟ್ ಮಾಡಿಸಿದೆ. ನಾವು ಕಣ್ಣಾರೆ ಕಂಡ ಬಣ್ಣ ಗೋಡೆಯ ಮೇಲೂ ಉಳಿಯಬೇಕು ಅಂದರೆ ಮುಕ್ಕಾಲು ಕೆಲಸ ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಆಗಿರಬೇಕು.

ಮೊದಲು ಫೋಟೊ ಆರಿಸಿ

ಕ್ಯಾನ್ವಾಸ್ ಅಂದರೆ ಬಟ್ಟೆ. ಅದರ ನೇಯ್ಗೆಯೇ ಸಣ್ಣ ಸಣ್ಣ ವಿವರಗಳನ್ನು ನುಂಗಿಬಿಡುತ್ತದೆ. ವಿಜಯಪುರದ ಕಡೆ ಬಿಳಿಜೋಳದ ಹೊಲದಲ್ಲಿ ಒಂದೊಂದು ತೆನೆಯೂ ಎಣಿಸುವಂತೆ ಬಂದಿರುವ ಫೋಟೊ ಇದೆಯೇ? ಅದನ್ನು ಫೋಟೊ ಪೇಪರ್ ಮೇಲೆ ಮಾಡಿಸಿ, ಗಾಜಿನ ಕಟ್ಟು ಹಾಕಿಸಿ. ಕ್ಯಾನ್ವಾಸಿಗೆ ಒಪ್ಪುವುದು ದೊಡ್ಡ ಆಕಾರ, ಮೆತ್ತನೆಯ ಬೆಳಕು. ಬಾದಾಮಿಯ ಭೂತನಾಥ ಗುಡಿಗಳು ಅಗಸ್ತ್ಯ ತೀರ್ಥ ಕೆರೆಯ ಪೂರ್ವದ ದಂಡೆಯಲ್ಲಿವೆ. ಸಂಜೆ ಬಿಸಿಲು ನೇರವಾಗಿ ಅವುಗಳ ಮೇಲೆ ಬೀಳುತ್ತದೆ, ಹಿಂದಿನ ಕೆಂಪು ಗುಡ್ಡ ನೀರಿನಲ್ಲಿ ಮೂಡುತ್ತದೆ. ಕ್ಯಾನ್ವಾಸಿಗೆ ಹೇಳಿ ಮಾಡಿಸಿದಂಥ ನೋಟ ಅದು.

ಮೊಬೈಲಿನಲ್ಲಿ ಬೆರಳಿನಿಂದ ಎಳೆದು ಜೂಮ್ ಮಾಡಿದ ಫೋಟೊ ಬೇಡ. 50 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವ ಬಹಳಷ್ಟು ಮೊಬೈಲ್‌ಗಳು ಸುಮ್ನೆ ಒತ್ತಿದರೆ 12 ಮೆಗಾಪಿಕ್ಸೆಲ್ ಫೋಟೊವನ್ನೇ ಉಳಿಸುತ್ತವೆ. ಸೆಟ್ಟಿಂಗ್‌ನಲ್ಲಿ 50 ಅಂತ ಬೇರೆಯೇ ಇರುತ್ತದೆ. ಒಳ್ಳೆ ಬಿಸಿಲಿದ್ದಾಗ ಅದನ್ನು ಹಚ್ಚಿಕೊಳ್ಳಿ. ಆಲಮಟ್ಟಿಯಂಥ ಕಡೆ ನೀರಿನ ಗೆರೆ ಓರೆಯಾಗಿದ್ದರೆ ಪ್ರಿಂಟಿಗೆ ಮೊದಲೇ ನೆಟ್ಟಗೆ ಮಾಡಿ. ಮೊಬೈಲಿನಲ್ಲಿ ಕಾಣದ ಓರೆ 3 ಅಡಿ ಅಗಲದ ಪ್ರಿಂಟಿನಲ್ಲಿ ದಿನಾ ಕಣ್ಣು ಚುಚ್ಚುತ್ತದೆ.

ಒಂದು ಭಾಗಾಕಾರ

ಫೋಟೊದ ಅಗಲ ಎಷ್ಟು ಪಿಕ್ಸೆಲ್ ಇದೆ ಅಂತ 'ಡೀಟೇಲ್ಸ್'ನಲ್ಲಿ ನೋಡಿ, 150ರಿಂದ ಭಾಗಿಸಿ. ಅಷ್ಟು ಇಂಚಿನವರೆಗೆ ಪ್ರಿಂಟ್ ಚೆನ್ನಾಗಿ ಬರುತ್ತದೆ. 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000 ಅಡ್ಡ, 3000 ಉದ್ದ. ಹಾಗಾದರೆ ಸುಮಾರು 26 ಇಂಚು, 20 ಇಂಚು. ಆರೇಳು ಅಡಿ ದೂರದಿಂದಲೇ ನೋಡುವ ಗೋಡೆಯಾದರೆ 100ರಿಂದ ಭಾಗಿಸಿದರೂ ನಡೆಯುತ್ತದೆ. ಅದಕ್ಕಿಂತ ಕೆಳಗೆ ಹೋಗಬೇಡಿ.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದೇ ಫೋಟೊ 1600 ಪಿಕ್ಸೆಲ್ ಸುತ್ತಮುತ್ತ ಇಳಿಯುತ್ತದೆ. ಭಾಗಿಸಿದರೆ ಹತ್ತು ಚಿಲ್ಲರೆ ಇಂಚು. ನನ್ನ ಗೋಕಾಕ ಫೋಟೊವನ್ನು ಅದರಿಂದ 3 ಅಡಿಗೆ ಹಿಗ್ಗಿಸಿದ್ದರು. ನೀರಿನ ಎಳೆ ಎಲ್ಲಿ ಉಳಿಯಬೇಕು? ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಇಲ್ಲವೇ ಇಮೇಲ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲೇ ಕಳಿಸುವುದಾದರೆ 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ, ಫೋಟೊ ಇದ್ದ ಹಾಗೇ ಹೋಗುತ್ತದೆ.

ಮೊಬೈಲ್ ಫೋಟೊಗಳು ಸಾಮಾನ್ಯವಾಗಿ 4:3 ಪ್ರಮಾಣದಲ್ಲಿರುತ್ತವೆ. ಅವಕ್ಕೆ 16×12, 24×18, 40×30 ಇಂಚು ಸರಿಹೋಗುತ್ತದೆ. ಡಿಎಸ್‌ಎಲ್‌ಆರ್ ಫೋಟೊ ಹೆಚ್ಚಾಗಿ 3:2. ಅದಕ್ಕೆ 24×16, 30×20, 36×24. ಪ್ರಮಾಣ ತಪ್ಪಿದರೆ ಅಂಗಡಿಯವರು ತಮಗೆ ತೋಚಿದ ಕಡೆ ಕತ್ತರಿಸುತ್ತಾರೆ.

ಬಣ್ಣದ ವಿಷಯ

ಬಾದಾಮಿಯ ಕಲ್ಲು ಕಿತ್ತಳೆ ಬಣ್ಣದ್ದಲ್ಲ. ಇಟ್ಟಿಗೆ ಕೆಂಪು, ನಡುನಡುವೆ ಮಸುಕು ಹಳದಿಯ ಪದರು, ಮಳೆ ನೀರು ಇಳಿದ ಕಡೆ ಕಪ್ಪು ಪಟ್ಟಿ. ಆ ಕಪ್ಪು ಪಟ್ಟಿಯೇ ಆ ಗುಡ್ಡದ ವಯಸ್ಸು ಹೇಳುವುದು ಅಂತ ನನಗೆ ಅನಿಸುತ್ತದೆ. ಮೊಬೈಲಿನಲ್ಲಿ ಬಣ್ಣ ಜಾಸ್ತಿ ಮಾಡುವ ಗುಂಡಿ ಎಳೆದರೆ ಕಲ್ಲೆಲ್ಲ ಜಿಲೇಬಿಯ ಬಣ್ಣಕ್ಕೆ ತಿರುಗುತ್ತದೆ, ಪದರು ಮಾಯವಾಗುತ್ತದೆ. ದಯವಿಟ್ಟು ಎಳೆಯಬೇಡಿ. ತಿದ್ದಲೇಬೇಕಾದದ್ದು ಒಂದಿದೆ: ಬೆಳಕು. ಪರದೆ ತಾನೇ ಬೆಳಗುತ್ತದೆ, ಬಟ್ಟೆ ಬೆಳಗುವುದಿಲ್ಲ. ಹಾಗಾಗಿ ಪರದೆಯಲ್ಲಿ ಚೆಂದ ಕಂಡದ್ದು ಪ್ರಿಂಟಿನಲ್ಲಿ ಮಬ್ಬಾಗಿ ಬರುತ್ತದೆ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ಫೋಟೊ ನೋಡಿ. ಕತ್ತಲಾಗಿ ಕಂಡರೆ ನೆರಳಿನ ಭಾಗದ ಬೆಳಕನ್ನು ಸ್ವಲ್ಪ ಹೆಚ್ಚಿಸಿ.

ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿ: "ಆಟೋ ಕರೆಕ್ಷನ್ ಹಾಕಬ್ಯಾಡ್ರಿ, ಫೈಲ್ ಇದ್ದಂಗ ಬರಲಿ." ಹೇಳಿದರೆ ಮಾಡುತ್ತಾರೆ.

ಆಮೇಲೆ ಒಂದು ಸಣ್ಣ ಪ್ರಿಂಟ್ ಮಾಡಿಸಿ. ಇದನ್ನು ಮಾತ್ರ ಬಿಡಲೇಬೇಡಿ. ಇಡೀ ಫೋಟೊವನ್ನು ಚಿಕ್ಕದು ಮಾಡುವುದಲ್ಲ. ದೊಡ್ಡ ಪ್ರಿಂಟಿನ ಅಳತೆಯಲ್ಲೇ ಅದರ ಒಂದು ತುಂಡು, ಎ4 ಕಾಗದದಷ್ಟು, ಅದೇ ಬಟ್ಟೆಯ ಮೇಲೆ. ಆ ತುಂಡಿನಲ್ಲಿ ಒಂದಿಷ್ಟು ಆಕಾಶ, ಒಂದಿಷ್ಟು ಕಲ್ಲು, ಒಂದಿಷ್ಟು ನೆರಳು ಇರಲಿ. ಮನೆಗೆ ತಂದು ಹಗಲು ಕಿಟಕಿಯ ಹತ್ತಿರ ನೋಡಿ, ರಾತ್ರಿ ಅದೇ ಗೋಡೆಯ ಮೇಲೆ ಹಿಡಿದು ನೋಡಿ. ಹಳದಿ ಬಲ್ಬಿನ ಕೆಳಗೆ ಕೆಂಪು ಕಲ್ಲು ಇನ್ನೂ ಕೆಂಪಾಗುತ್ತದೆ, ಬಿಳಿ ಟ್ಯೂಬ್‌ಲೈಟಿನಲ್ಲಿ ತಣ್ಣಗಾಗುತ್ತದೆ. ಆಕಾಶದಲ್ಲಿ ಅಡ್ಡ ಗೆರೆಗಳು ಕಂಡರೆ ಮಷಿನಿನದು ತಪ್ಪು, ಬೇರೆ ಅಂಗಡಿ ನೋಡಿ. ನೆರಳೆಲ್ಲ ಬರೀ ಕಪ್ಪಾಗಿದ್ದರೆ ಫೈಲಿನದು ತಪ್ಪು, ನೀವೇ ತಿದ್ದಿ.

ಅಂಗಡಿಯಲ್ಲಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಲ್ಲಿ ಹೋದರೂ ಫ್ಲೆಕ್ಸ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಫ್ಲೆಕ್ಸ್ ಪ್ಲಾಸ್ಟಿಕ್ಕು, ಕ್ಯಾನ್ವಾಸ್ ಬಟ್ಟೆ. ಸ್ಯಾಂಪಲ್ ಕೇಳಿ, ಹಿಂದೆ ತಿರುಗಿಸಿ ನೋಡಿ, ನೂಲಿನ ನೇಯ್ಗೆ ಕಾಣಬೇಕು. 340ರಿಂದ 400 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಇಷ್ಟು ಗ್ರಾಂ ಅಂತ) ತೂಕದ್ದಾದರೆ ಒಳ್ಳೆಯದು. ಸ್ಯಾಂಪಲ್ಲಿನ ಮೂಲೆ ಮಡಚಿ ಉಜ್ಜಿ ಬಿಡಿ. ಮಡಿಕೆಯಲ್ಲಿ ಬಿಳಿ ಗೆರೆ ಬಿಟ್ಟುಕೊಂಡರೆ ಮೇಲಿನ ಲೇಪ ಕಳಪೆ. ಅಂಚಿನಲ್ಲಿ ಮಡಚುವಾಗಲೂ ಹಾಗೇ ಸೀಳುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಬಣ್ಣ ಅಂಟಿ ಬಂದರೆ ವಾರ್ನಿಷ್ ಬಿದ್ದಿಲ್ಲ. ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೇಳಿ, ಇಲ್ಲದಿದ್ದರೆ ಎದುರಿನ ಕಿಟಕಿಯೆಲ್ಲ ಅದರಲ್ಲಿ ಕಾಣುತ್ತದೆ. ಇಂಕು ಪಿಗ್ಮೆಂಟ್, ಅಂದರೆ ಬಣ್ಣದ ನುಣ್ಣನೆ ಪುಡಿ ಇರುವಂಥದ್ದು, ಆದರೆ ಬೆಳಕಿಗೆ ಬೇಗ ಮಾಸುವುದಿಲ್ಲ.

ದರವನ್ನು ಚದರ ಅಡಿಗೆ ಇಷ್ಟು ಅಂತ ಹೇಳಿದರೆ, ಕಟ್ಟಿಗೆ ಚೌಕಟ್ಟು ಅದರಲ್ಲೇ ಬಂತೇ, ಮಡಚುವ ಅಂಚಿಗೂ ದುಡ್ಡು ಹಿಡಿದಿದ್ದಾರೆಯೇ ಅಂತ ಮೊದಲೇ ಕೇಳಿಕೊಳ್ಳಿ. 36×24 ಇಂಚು ಅಂದರೆ 6 ಚದರ ಅಡಿ. ಅಂಚು ಸೇರಿದರೆ 8ರ ಹತ್ತಿರ ಹೋಗುತ್ತದೆ.

ಅಂಚು ಯಾಕೆ ಅಂದರೆ, ಬಟ್ಟೆಯನ್ನು ಚೌಕಟ್ಟಿನ ಸುತ್ತ ಮಡಚಿ ಹಿಂದೆ ಪಿನ್ ಹೊಡೆಯುತ್ತಾರೆ. ಒಂದೂವರೆ ಇಂಚು ದಪ್ಪದ ಕಟ್ಟಿಗೆಗೆ ಪ್ರತಿ ಬದಿಗೂ 2 ಇಂಚು ಬೇಕು. ಆ 2 ಇಂಚು ನಿಮ್ಮ ಫೋಟೊದಿಂದಲೇ ಹೋದರೆ, ತುದಿಯಲ್ಲಿದ್ದ ಗುಡಿಯ ಶಿಖರ ಪಕ್ಕಕ್ಕೆ ಮಡಚಿ ಹೋಗುತ್ತದೆ. 'ಮಿರರ್' ಅಂಚು ಹಾಕಿಸಿ. ಫೋಟೊದ ತುದಿಯನ್ನೇ ಕನ್ನಡಿಯಂತೆ ತಿರುಗಿಸಿ ಬದಿಗೆ ಹಚ್ಚುತ್ತಾರೆ, ಮುಂದಿನ ಚಿತ್ರ ಪೂರ್ತಿ ಉಳಿಯುತ್ತದೆ.

ಪ್ರಿಂಟ್ ಕೈಗೆ ಬಂದಾಗ ಎರಡು ಪರೀಕ್ಷೆ ಮಾಡಿ. ಟೇಪ್ ಹಿಡಿದು ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಯಿರಿ. ಅಳತೆ ಒಂದೇ ಬರಬೇಕು, ಇಲ್ಲದಿದ್ದರೆ ಚೌಕಟ್ಟು ಸೊಟ್ಟ. ಆಮೇಲೆ ಹಿಂದಿನಿಂದ ನಡುವೆ ಬೆರಳಿನಿಂದ ಮೆಲ್ಲಗೆ ಬಡಿಯಿರಿ. ಹೋಳಿ ಹುಣ್ಣಿಮೆಯ ಹಲಗಿ ನೆನಪಾಗುವಂಥ ಬಿಗಿ ಸದ್ದು ಬರಬೇಕು. 30 ಇಂಚಿಗಿಂತ ದೊಡ್ಡದಾದರೆ ಹಿಂದೆ ನಡುವೆ ಅಡ್ಡಪಟ್ಟಿ ಇರಲಿ. ಮೂಲೆಗಳಿಗೆ ಸಣ್ಣ ಬೆಣೆ ಹಾಕಿಸಿಕೊಂಡರೆ, ಹವೆ ಬದಲಾಗಿ ಬಟ್ಟೆ ಸಡಿಲಾದಾಗ ಒಂದೆರಡು ಸಲ ತಟ್ಟಿದರೆ ಸಾಕು.

ಗೋಡೆಯ ಮೇಲೆ

ಬೆಳಗಾವಿ, ಖಾನಾಪುರದ ಕಡೆ ಮಳೆಗಾಲದಲ್ಲಿ ಗೋಡೆ ಥಂಡಿ ಹಿಡಿಯುತ್ತದೆ. ಹೊರಗಿನ ಮಳೆ ಬಡಿಯುವ ಗೋಡೆಗೆ ಕ್ಯಾನ್ವಾಸ್ ತೂಗುಹಾಕಿದರೆ ಹಿಂದೆ ಬೂಷ್ಟು ಬರುತ್ತದೆ. ಒಳಗಿನ ಗೋಡೆ ಆರಿಸಿ, ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ ಗಾಳಿಯಾಡಲು ಬಿಡಿ. ವಿಜಯಪುರ, ಬಾಗಲಕೋಟೆಯಲ್ಲಿ ತೊಂದರೆ ಬಿಸಿಲು ಮತ್ತು ಧೂಳಿನದು. ಕಿಟಕಿಯ ಬಿಸಿಲು ನೇರ ಬೀಳುವ ಜಾಗ ಬೇಡ. ಅಡುಗೆಮನೆ ಬಾಗಿಲ ಎದುರು, ದೇವರ ದೀಪದ ಹೊಗೆ ತಾಗುವ ಕಡೆಯೂ ಬೇಡ.

ಚಿತ್ರದ ನಡುಭಾಗ ನೆಲದಿಂದ 57 ಇಂಚು ಎತ್ತರದಲ್ಲಿರಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರುವವರೇ ಜಾಸ್ತಿ, ಅದಕ್ಕೆ ನಾನು 4 ಇಂಚು ಕೆಳಗೆ ಹಾಕಿದ್ದೇನೆ. ದಿವಾನ್ ಮೇಲೆ ಹಾಕುವುದಾದರೆ ದಿವಾನ್‌ನ ಅಗಲದ ಮೂರರಲ್ಲಿ ಎರಡು ಪಾಲು ಅಗಲವಿದ್ದರೆ ಒಪ್ಪುತ್ತದೆ. ಧೂಳು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ಗಾಜು ಒರೆಸುವ ಸ್ಪ್ರೇ ಹತ್ತಿರಕ್ಕೂ ತರಬೇಡಿ.

ತೂಗುಹಾಕುವ ಮೊದಲು ಹಿಂದಿನ ಕಟ್ಟಿಗೆ ಪಟ್ಟಿಯ ಮೇಲೆ ಪೆನ್ಸಿಲ್‌ನಿಂದ ಊರು, ತಿಂಗಳು, ಇಸವಿ ಬರೆಯಿರಿ. ಬಟ್ಟೆಯ ಮೇಲೆ ಪೆನ್ನಿನಿಂದ ಬರೆದರೆ ಶಾಯಿ ಮುಂದಕ್ಕೆ ಮೂಡಬಹುದು. ನಮ್ಮ ಮನೆಯ ಎರಡನೇ ಗೋಕಾಕ ಪ್ರಿಂಟಿನ ಹಿಂದೆ 'ಘಟಪ್ರಭೆ, ಆಗಸ್ಟ್, ನೀರು ಕೆಂಪು' ಅಂತ ಬರೆದಿದೆ.