ಖಿನ್ನತೆಯ ದಿನಗಳಿಗೆ ಬಾವಲಿ ವೀಕ್ಷಣೆ

ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಬೆಳಗಿನ ನಡಿಗೆಯ ಉಪದೇಶ ಧಾರಾಳವಾಗಿ ಸಿಗುತ್ತದೆ. ಆದರೆ ಹಾಸಿಗೆ ಬಿಟ್ಟೇಳುವುದೇ ದುಸ್ತರವಾದ ದಿನಗಳಲ್ಲಿ, ಸಂಜೆ ಹೊರಬಂದು ಬಾವಲಿಗಳನ್ನು ನೋಡುವುದು ನನಗೆ ಹೆಚ್ಚು ಒಗ್ಗಿದೆ. ಊರಿನ ಯಾವ ಹಳೆಯ ಆಲ ಅಥವಾ ಅರಳಿ ಮರದಲ್ಲಿ ಹಣ್ಣು ತಿನ್ನುವ ದೊಡ್ಡ ಬಾವಲಿಗಳಿವೆಯೆಂದು ವಿಚಾರಿಸಿ, ಸೂರ್ಯ ಮುಳುಗುವ ಮೊದಲೇ ತುಸು ದೂರದಲ್ಲಿ ಕುಳಿತುಕೊಳ್ಳಿ. ಅಪಶಕುನವೆಂದು ಹೆಸರು ಕೆಡಿಸಿಕೊಂಡಿರುವ ಈ ಪ್ರಾಣಿಯ ಮುಖ ನರಿಮರಿಯಂತೆ ಮುದ್ದಾಗಿದೆ. ಸೆಕೆಯಾದರೆ ಅದು ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುತ್ತದೆ, ಪಕ್ಕದ್ದು ತಾಗಿದರೆ ಕಿರುಚಿ ಜಗಳವಾಡುತ್ತದೆ, ಮೂತ್ರ ಮಾಡಲು ಹೆಬ್ಬೆರಳಿನ ಉಗುರಿನಿಂದ ಕೊಂಬೆ ಹಿಡಿದು ತಲೆ ಮೇಲಾಗಿ ತಿರುಗುತ್ತದೆ. (ಮರದ ಬುಡದಲ್ಲಿ ಕೂರಬಾರದೆನ್ನುವುದಕ್ಕೆ ಇದೂ ಒಂದು ಕಾರಣ.) ಬಿದ್ದ ಬಾವಲಿಯನ್ನು ಮುಟ್ಟಬೇಡಿ, ಅದು ಕಚ್ಚಿದ ಹಣ್ಣನ್ನು ತಿನ್ನಬೇಡಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮನಸ್ಸು ತೀರಾ ಕುಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.